ವಾಲುವ ದೋಣಿಗೆ ಎಂಥ ಸೀಟು ಬೇಕು: ಒಂದು ಮಡಿಚುಕುರ್ಚಿ, ಒಂದು ಜೊತೆ ಹೊಲಿಸಿದ ದಿಂಬು

ಸಣ್ಣ ಹಾಯಿದೋಣಿಗೆ ಕುರ್ಚಿ, ಕುಶನ್ ಕೊಳ್ಳುವವರು ಅಂಗಡಿಯಲ್ಲಿ ಕೂತು ನೋಡಿ ತೀರ್ಮಾನ ಮಾಡಬೇಡಿ. ಅಂಗಡಿಯ ನೆಲ ವಾಲುವುದಿಲ್ಲ. ಅಲ್ಲಿ ಮೆತ್ತಗಿದ್ದದ್ದೆಲ್ಲ ಹಿತವಾಗಿಯೇ ಇರುತ್ತದೆ. ಹಾಯಿ ಏರಿಸಿ, ದೋಣಿ 15-20 ಡಿಗ್ರಿ ಒಂದು ಬದಿಗೆ ವಾಲಿದ ಮೇಲೆ ಗೊತ್ತಾಗುವುದು ಬೇರೆಯದೇ ಸಂಗತಿ: ಕುಂಡೆಯ ಕೆಳಗೆ ಏನಿದೆ ಎನ್ನುವುದಕ್ಕಿಂತ ಬೆನ್ನು ಎಲ್ಲಿ ಒರಗಿದೆ, ಪಾದ ಎಲ್ಲಿ ಊರಿದೆ ಅನ್ನುವುದೇ ಮುಖ್ಯ. ನಾವು ಎರಡು ಸಾಮಾನು ತಂದು ಬಳಸಿದ್ದೇವೆ. ಒಂದು, ಬೆನ್ನು ಮೇಲೆ ಕೆಳಗೆ ಮಾಡಬಹುದಾದ ಮಡಿಚುಕುರ್ಚಿ. ಇನ್ನೊಂದು, ಅಳತೆ ಕೊಟ್ಟು ಹೊಲಿಸಿದ ಕಾಕ್‌ಪಿಟ್ ಕುಶನ್ ಮತ್ತು ಒರಗುದಿಂಬು. ಕಾಕ್‌ಪಿಟ್ ಅಂದರೆ ಚುಕ್ಕಾಣಿ ಹಿಡಿದು ಕೂರುವ ತೆರೆದ ಜಾಗ: ಎರಡು ಬದಿಗೆ ಬೆಂಚು, ನಡುವೆ ಕಾಲಿಡುವ ತಗ್ಗು. ಮೊದಲನೆಯದಕ್ಕೆ ಐದರಲ್ಲಿ ಎರಡೂವರೆ, ಎರಡನೆಯದಕ್ಕೆ ನಾಲ್ಕೂವರೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಮ್ಮ ದೋಣಿ 22 ಅಡಿಯದ್ದು, ಹಳೆಯ ಫೈಬರ್‌ಗ್ಲಾಸ್. ಅಮೆರಿಕದ ಚೆಸಪೀಕ್ ಕೊಲ್ಲಿಯ ದಡದ ಅನಾಪೊಲಿಸ್ ಊರಿನ ಹತ್ತಿರ ಒಂದು ಕ್ರೀಕ್‌ನಲ್ಲಿ, ಅಂದರೆ ಕೊಲ್ಲಿಯ ಸಣ್ಣ ಕವಲಿನಲ್ಲಿ, ಇಟ್ಟಿದ್ದೇವೆ. ಇವರು, ಅಂದರೆ ನನ್ನ ಗಂಡ, ಐದಡಿ ಹತ್ತು ಇಂಚು, ಸೊಂಟದ ಡಿಸ್ಕ್ ಒಮ್ಮೆ ಕೈಕೊಟ್ಟ ಆಸಾಮಿ. ನಾನು ಸರಿಯಾಗಿ ಐದಡಿ. ಬೇಸಿಗೆಯಲ್ಲಿ ಕುಂದಾಪುರದಿಂದ ಅತ್ತೆ ಬರುತ್ತಾರೆ. ಎಪ್ಪತ್ತು ದಾಟಿದ ಅವರು ಗಂಗೊಳ್ಳಿ ಅಳಿವೆಯಲ್ಲಿ ದೋಣಿ ಹತ್ತಿ ಇಳಿದು ಬೆಳೆದವರು, ನೀರಿನ ಹೆದರಿಕೆ ಇಲ್ಲ. ಅವರ ತಕರಾರು ಬೇರೆ: "ಇಲ್ಲ್ ಹ್ಯಾಂಗ್ ಕೂಕಂಬ್ದ್ ಮಾರಾಯ್ತಿ?" ಚಕ್ಕಳಮಕ್ಕಳ ಹಾಕಿ ಕೂರಲು ಜಾಗವಿಲ್ಲದ ಕಡೆ ಮನುಷ್ಯರು ದಿನವಿಡೀ ಹೇಗೆ ಕೂರುತ್ತಾರೆ ಅನ್ನುವುದು ಅವರ ಪ್ರಶ್ನೆ. ಒಟ್ಟಿನಲ್ಲಿ ಮೂರು ಬಗೆಯ ಮೈಕಟ್ಟಿಗೆ ಒಂದೇ ಬೆಂಚು ಹೊಂದಬೇಕು. ಕುಶನ್ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷಕರು ಸಿಗಲಿಕ್ಕಿಲ್ಲ.

ಮಡಿಚುಕುರ್ಚಿಯ ಕಂಪನಿ ಹೆಸರು ಬರೆಯುವುದಿಲ್ಲ. ಇದೇ ನಮೂನೆಯವು ನಾಲ್ಕಾರು ಹೆಸರಲ್ಲಿ ಮಾರಾಟಕ್ಕಿವೆ, ಒಳಗಿನ ಎಲುಬು ಹೆಚ್ಚುಕಡಿಮೆ ಒಂದೇ: ಕಾಲಿಲ್ಲದ ಕುರ್ಚಿ, ಎರಡು ದಪ್ಪ ಪ್ಯಾಡು, ನಡುವೆ ಕಟಕಟ ಎನ್ನುವ ಹಲ್ಲಿನ ಹಿಂಜು. ಬೆನ್ನನ್ನು ನೆಟ್ಟಗೆ ನಿಲ್ಲಿಸಬಹುದು, ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಒರಗಿಸಬಹುದು, ಪೂರ್ತಿ ಬಿಚ್ಚಿ ಹಾಸಿಗೆ ಮಾಡಬಹುದು. ನಾವು ಕೊಟ್ಟದ್ದು ನೂರು ಡಾಲರ್‌ಗೆ ಸ್ವಲ್ಪ ಮೇಲೆ.

ಲಂಗರು ಹಾಕಿ ನಿಂತಾಗ ಇದರಷ್ಟು ಸುಖ ಇನ್ನೊಂದಿಲ್ಲ. ಇವರ ಸೊಂಟಕ್ಕೆ ಬೇಕಾದ ಕೋನ ಸಿಗುತ್ತದೆ. ಮುಂದಿನ ಡೆಕ್ಕಿಗೂ ಎತ್ತಿಕೊಂಡು ಹೋಗಬಹುದು, ಮನೆಯ ಹಿತ್ತಲ ಹುಲ್ಲಿಗೂ ಆಯಿತು, ಮಗನ ಕ್ರಿಕೆಟ್ ಮ್ಯಾಚಿಗೂ ಆಯಿತು. ಆ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹಾಯಿ ಬಿಚ್ಚಿದ ಮೇಲೆ ಕತೆ ಬೇರೆ. ನುಣುಪಾದ ಫೈಬರ್‌ಗ್ಲಾಸ್ ಬೆಂಚಿನ ಮೇಲೆ ಕುರ್ಚಿ ಜಾರುತ್ತದೆ. ಗಾಳಿ ಬರುವ ಬದಿಯಲ್ಲಿ ಕೂತರೆ ಕುರ್ಚಿ ಸಮೇತ ನಡುವಿನ ತಗ್ಗಿಗೆ ಇಳಿಯುತ್ತೀರಿ. ಕೆಳಗಿನ ಪಟ್ಟಿಯನ್ನು ಯಾವುದಾದರೂ ಕ್ಲೀಟ್‌ಗೆ (ಹಗ್ಗ ಸುತ್ತುವ ಗೂಟಕ್ಕೆ) ಕಟ್ಟದಿದ್ದರೆ ಕೂರುವುದು ಒಂದು ಕೆಲಸ, ಹಿಡಿದುಕೊಳ್ಳುವುದು ಇನ್ನೊಂದು ಕೆಲಸ. ಅದಕ್ಕಿಂತ ದೊಡ್ಡ ತೊಂದರೆ ಎತ್ತರದ್ದು. ಪ್ಯಾಡ್ 3 ಇಂಚು ದಪ್ಪ. ಅಂದರೆ ತಲೆ 3 ಇಂಚು ಮೇಲೆ ಹೋಯಿತು, ಬೂಮ್, ಅಂದರೆ ಹಾಯಿಯ ಬುಡ ಕಟ್ಟುವ ಅಡ್ಡಕೋಲು, ಅಷ್ಟು ಹತ್ತಿರವಾಯಿತು. ಹಾಯಿ ಬದಿ ಬದಲಿಸುವಾಗ ಇವರು ಈಗ ಕತ್ತು ಬಗ್ಗಿಸಲೇಬೇಕು. ಮೊದಲು ಅದರ ಅಗತ್ಯ ಇರಲಿಲ್ಲ.

ಇನ್ನೊಂದು ಸಂಗತಿ ಅಂಗಡಿಯವರು ಹೇಳುವುದಿಲ್ಲ. ಆ ಹಲ್ಲಿನ ಹಿಂಜು ಉಕ್ಕಿನದ್ದು. ನಮ್ಮ ಟಿಲ್ಲರ್ ಪೈಲಟ್, ಅಂದರೆ ಚುಕ್ಕಾಣಿ ಕೋಲನ್ನು ತಾನೇ ಹಿಡಿದುಕೊಳ್ಳುವ ಯಂತ್ರ, ದಿಕ್ಕು ತಿಳಿಯುವುದು ತನ್ನ ಹೊಟ್ಟೆಯೊಳಗಿನ ವಿದ್ಯುತ್ ದಿಕ್ಸೂಚಿಯಿಂದ. ಇವರು ಕುರ್ಚಿ ಎತ್ತಿಕೊಂಡು ಬಂದು ಅದರ ಪಕ್ಕ ಕೂತರೆ ದೋಣಿ ನಿಧಾನಕ್ಕೆ ಬೇರೆ ದಾರಿ ಹಿಡಿಯುತ್ತದೆ. ಎದ್ದು ಹೋದರೆ ಮತ್ತೆ ಸರಿಹೋಗುತ್ತದೆ. ಥಾಮಸ್ ಪಾಯಿಂಟ್ ದೀಪಸ್ತಂಭವನ್ನು ಎಡಕ್ಕೆ ಇಟ್ಟುಕೊಂಡು ಹೋಗುತ್ತಿದ್ದವರು ನೋಡನೋಡುತ್ತ ಅದರತ್ತಲೇ ಮುಖ ಮಾಡಿದಾಗ ನನಗೆ ಮೊದಲು ನೀರಿನ ಸೆಳೆತದ ಮೇಲೆ ಅನುಮಾನ, ಆಮೇಲೆ ಯಂತ್ರದ ಮೇಲೆ, ಕೊನೆಗೆ ಗಂಡನ ಮೇಲೆ. ಕೊಳ್ಳುವ ಮೊದಲು ಫ್ರಿಜ್ಜಿಗೆ ಅಂಟಿಸುವ ಒಂದು ಮ್ಯಾಗ್ನೆಟ್ ಜೇಬಿನಲ್ಲಿ ಒಯ್ಯಿರಿ, ಹಿಂಜಿಗೆ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಆ ಕುರ್ಚಿ ದಿಕ್ಸೂಚಿಯಿಂದ ದೂರ ಇರಬೇಕು. ತುಕ್ಕು ಮೊದಲು ಹಿಡಿಯುವುದೂ ಅಲ್ಲೇ. ಚೆಸಪೀಕ್ ಕೊಲ್ಲಿಯ ನೀರು ಪೂರ್ತಿ ಸಮುದ್ರದ ಉಪ್ಪಲ್ಲ, ಅಳಿವೆಯ ಸಪ್ಪೆ ಉಪ್ಪು. ಆದರೂ ಎರಡನೆಯ ಬೇಸಿಗೆಗೆ ನಮ್ಮ ಕುರ್ಚಿಯ ಹೊಲಿಗೆಯ ಸಂದಿಯಲ್ಲಿ ಕಂದು ಕಲೆ ಕಾಣಿಸಿಕೊಂಡಿತು.

ಈ ಕುರ್ಚಿ ಹಾಯಿಯಲ್ಲೂ ಚೆನ್ನಾಗಿ ನಡೆಯುವ ಒಂದೇ ಜಾಗ ಇದೆ. ಕಾಕ್‌ಪಿಟ್‌ನ ಮುಂದಿನ ಮೂಲೆ, ದೋಣಿ ವಾಲಿದ ಬದಿ. ಕುರ್ಚಿಯ ಬೆನ್ನನ್ನು ಕ್ಯಾಬಿನ್ ಗೋಡೆಗೆ ಕೊಟ್ಟು, ಕಾಲನ್ನು ಬೆಂಚಿನ ಉದ್ದಕ್ಕೆ ಚಾಚಿ, ಭುಜವನ್ನು ಪಕ್ಕದ ಕಟ್ಟೆಗೆ ಒರಗಿಸಿದರೆ ಎಲ್ಲೂ ಜಾರುವುದಿಲ್ಲ. ಆ ಮೂಲೆ ಈಗ ಅತ್ತೆಯದ್ದು. ಗಾಳಿ ಕಡಿಮೆ ತಾಗುತ್ತದೆ, ಎಲ್ಲರ ಮುಖ ಕಾಣುತ್ತದೆ, ಚುಕ್ಕಾಣಿ ಹಿಡಿದವರಿಗೆ ಸಲಹೆ ಕೊಡಲೂ ಅನುಕೂಲ.

ಇನ್ನು ಹೊಲಿಸಿದ ಕುಶನ್. ಕ್ಯಾಟಲಿನಾ 22 ಥರದ ದೋಣಿ ಇದ್ದವರು ಪುಣ್ಯವಂತರು. 1969ರಿಂದ ಈಚೆಗೆ 15,000ಕ್ಕೂ ಹೆಚ್ಚು ಕಟ್ಟಿದ್ದಾರೆ, ಹಾಗಾಗಿ ಅದರ ಅಳತೆಯ ಕುಶನ್ ಸಿದ್ಧವಾಗಿಯೇ ಸಿಗುತ್ತದೆ. ನಮ್ಮ ದೋಣಿಗೆ ಅಷ್ಟು ಬಂಧುಬಳಗ ಇಲ್ಲ. ಎರಡು ಕಡೆ ದರ ಕೇಳಿದೆವು. ಮೊದಲನೆಯವರು ಫೋನಿನಲ್ಲೇ ಉದ್ದಗಲ ಕೇಳಿ, "4 ಇಂಚು ದಪ್ಪ ಹಾಕಿಸಿ, ಸೋಫಾದಲ್ಲಿ ಕೂತ ಹಾಗಿರುತ್ತದೆ" ಅಂದರು. ಎರಡನೆಯವರು ಒಬ್ಬ ಹೆಂಗಸು, ಗ್ಯಾರೇಜಿನಲ್ಲಿ ಒಂಟಿಯಾಗಿ ಕ್ಯಾನ್ವಾಸ್ ಕೆಲಸ ಮಾಡುವವರು. ಅವರು ದೋಣಿಗೇ ಬಂದರು. ಟೇಪ್ ತೆಗೆಯುವ ಮೊದಲು ನನ್ನನ್ನು ಬೆಂಚಿನ ಮೇಲೆ ಕೂರಿಸಿ, "ಕಾಲು ಚಾಚಿ, ಎದುರಿನ ಬೆಂಚು ಸಿಗುತ್ತದಾ?" ಅಂತ ಕೇಳಿದರು.

ಸಿಗುತ್ತಿರಲಿಲ್ಲ. ಇಲ್ಲಿದೆ ಇಡೀ ವಿಷಯದ ಗಂಟು. ನಮ್ಮ ಬೆಂಚಿನ ಅಗಲ 17 ಇಂಚು, ನಡುವೆ ಕಾಲಿಡುವ ತಗ್ಗು 24 ಇಂಚು. ಬೆನ್ನಿನಿಂದ ಎದುರು ಬೆಂಚಿನ ಅಂಚಿಗೆ ಒಟ್ಟು 41. ದೋಣಿ ವಾಲಿದಾಗ ಮೇಲಿನ ಬದಿಯಲ್ಲಿ ಕೂತವರು ಜಾರದಿರಲು ಪಾದವನ್ನು ಆ ಎದುರಿನ ಅಂಚಿಗೇ ಊರಬೇಕು. ಇವರಿಗೆ ಆರಾಮಾಗಿ ಸಿಗುತ್ತದೆ. ನನ್ನ ಕಾಲು ಪೂರ್ತಿ ಚಾಚಿದರೂ 37, ಅದಕ್ಕೇ ನಾನು ಬೆಂಚಿನ ತುದಿಗೆ ಬಂದು, ಬೆನ್ನಿಗೆ ಆಸರೆ ಇಲ್ಲದೆ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚುಕ್ಕಾಣಿ ಹಿಡಿದು ಕೂರುತ್ತಿದ್ದೆ. ಸಂಜೆಗೆ ಬೆನ್ನು ನೋವು. ಕುಶನ್ ಗಟ್ಟಿ ಅಂತ ಬೈಯುತ್ತಿದ್ದೆ, ಪಾಪ ಕುಶನ್ನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆಕೆ ಕೊಟ್ಟ ಪರಿಹಾರ: ಬೆಂಚಿಗೆ 2 ಇಂಚಿನ ತೆಳು ಗಟ್ಟಿ ಕುಶನ್, ಜೊತೆಗೆ 4 ಇಂಚು ದಪ್ಪ, 12 ಇಂಚು ಎತ್ತರದ ಒರಗುದಿಂಬು ಎರಡು. ದಿಂಬನ್ನು ಬೆನ್ನ ಹಿಂದಿಟ್ಟರೆ 41ರಲ್ಲಿ 4 ಹೋಗಿ 37 ಉಳಿಯಿತು, ನನ್ನ ಪಾದ ಎದುರು ಅಂಚಿಗೆ ತಾಗಿತು. ಬೆಂಚಿನ ಅಗಲ 13 ಇಂಚಿಗೆ ಇಳಿಯುತ್ತದೆ, ನನ್ನ ತೊಡೆಗೆ ಅಷ್ಟು ಧಾರಾಳ. ಇವರ ಸರದಿ ಬಂದಾಗ ದಿಂಬನ್ನು ಎತ್ತಿ ಒಳಗೆ ಎಸೆಯುತ್ತಾರೆ.

ಎತ್ತರದ ಲೆಕ್ಕವೂ ಇದರಲ್ಲೇ ಕೂಡಿಬಂತು. ಕಾಕ್‌ಪಿಟ್ ಸುತ್ತಲಿನ ಕಟ್ಟೆ ನಮ್ಮ ಬೆಂಚಿನಿಂದ 12 ಇಂಚು ಎತ್ತರ. ಬೆನ್ನಿಗೆ ಅದಕ್ಕಿಂತ ಕಡಿಮೆ ಇದ್ದರೆ ಕಟ್ಟೆಯ ಅಂಚು ಸೊಂಟದ ಮೇಲೆ ಸರಿಯಾಗಿ ಚುಚ್ಚುತ್ತದೆ. 4 ಇಂಚಿನ ಸೋಫಾ ಕುಶನ್ ಹಾಕಿದ್ದರೆ ಕಟ್ಟೆ ಉಳಿಯುತ್ತಿದ್ದದ್ದು ಬರೀ 8. ಮೆತ್ತೆ ಹೆಚ್ಚಾದಷ್ಟೂ ಬೆನ್ನಿನ ಆಸರೆ ಹೋಗುತ್ತದೆ ಅನ್ನುವುದನ್ನು ಮೊದಲನೆಯ ಅಂಗಡಿಯವರು ಯೋಚಿಸಿದಂತೆ ಕಾಣಲಿಲ್ಲ. ಈಗ 2 ಇಂಚಿನ ಕುಶನ್ ಮೇಲೆ 12ರ ದಿಂಬು ನಿಂತಿದೆ. ಕಟ್ಟೆಗಿಂತ 2 ಇಂಚು ಮೇಲೆ ಬಂದು ಚೂಪು ಅಂಚನ್ನು ಮುಚ್ಚುತ್ತದೆ. ತುದಿಯ ಪಟ್ಟಿಗಳನ್ನು ಕ್ಲೀಟ್‌ಗೆ ಸಿಕ್ಕಿಸಿದರೆ ಅಲ್ಲಾಡುವುದಿಲ್ಲ.

12 ಎನ್ನುವ ಅಂಕಿಗೆ ಇನ್ನೊಂದು ಕಾರಣ ಇದೆ, ಅದು ತಿಳಿದಾಗ ನನಗೆ ನಿಜವಾಗಿ ಖುಷಿಯಾಯಿತು. ಎರಡು ದಿಂಬು ಮಲಗಿಸಿ ಪಕ್ಕಪಕ್ಕ ಇಟ್ಟರೆ 24 ಇಂಚು, ಸರಿಯಾಗಿ ನಡುವಿನ ತಗ್ಗಿನ ಅಗಲ. ತಗ್ಗಿನ ಎರಡು ಬದಿಗೆ ಇವರು ಮರದ ಪಟ್ಟಿ ಹೊಡೆದರು, ಹಲಗೆ ಹಾಕಿದ ಮೇಲೆ ಅದರ ಮೇಲ್ಮೈ ಬೆಂಚಿನ ಮಟ್ಟದಿಂದ 2 ಇಂಚು ಕೆಳಗೆ ಬರುವ ಹಾಗೆ. ಅದರ ಮೇಲೆ ಮೂರು ಹಲಗೆ ಅಡ್ಡ ಹಾಕಿ ದಿಂಬು ಹಾಸಿದರೆ, ದಿಂಬಿನ ಮೇಲ್ಮೈ ಬೆಂಚಿನ ಕುಶನ್‌ಗೆ ಸಮ. ಇಡೀ ಕಾಕ್‌ಪಿಟ್ ಒಂದು ಜಗಲಿಯ ಹಾಗೆ ಆಗುತ್ತದೆ. ಲಂಗರು ಬಿದ್ದ ಕೂಡಲೇ ಅತ್ತೆ ಅಲ್ಲಿ ಚಕ್ಕಳಮಕ್ಕಳ ಹಾಕುತ್ತಾರೆ. ಮೇಲೆ ಇಂಡಿಯನ್ ಗ್ರೋಸರಿಯಿಂದ ತಂದ ಪ್ಲಾಸ್ಟಿಕ್ ಚಾಪೆ, ಅದರ ಮೇಲೆ ಅವಲಕ್ಕಿ ಡಬ್ಬ, ಇಸ್ಪೀಟು. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಸಂಜೆ ಗಾಳಿ ಸತ್ತುಹೋಗುತ್ತದೆ, ನೀರಿನಲ್ಲಿ ಕುಟುಕುವ ಅಂಬಲಿ ಮೀನು (ಜೆಲ್ಲಿಫಿಶ್) ತುಂಬಿರುವುದರಿಂದ ಈಜಲೂ ಆಗುವುದಿಲ್ಲ, ಕ್ಯಾಬಿನ್ನಿನ ಒಳಗೆ ಬೇಯುತ್ತದೆ. ಬೂಮ್ ಮೇಲಿಂದ ಸೊಳ್ಳೆಪರದೆ ಇಳಿಬಿಟ್ಟು ಅಲ್ಲೇ ಮಲಗುತ್ತೇವೆ. ಇಬ್ಬರಿಗೆ ಆರಾಮ. ಮೂರನೆಯವರು ಒಳಗೆ.

ಹಲಗೆಯ ಬಗ್ಗೆ ಒಂದು ಎಚ್ಚರಿಕೆ. ದೋಣಿ ಸಾಗುತ್ತಿರುವಾಗ ತಗ್ಗನ್ನು ಮುಚ್ಚಬಾರದು. ನಿಲ್ಲಲು, ಕಾಲೂರಲು ಇರುವ ಜಾಗವೇ ಅದು.

ಕುಶನ್ನಿನ ಒಳಗೇನಿದೆ ಅನ್ನುವುದರಲ್ಲಿ ಜನ ಮೋಸ ಹೋಗುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೋಫಾಕ್ಕೆ ಹಾಕುವ ಮಾಮೂಲಿ ಫೋಮಿನ ಗುಳ್ಳೆಗಳು ಒಂದಕ್ಕೊಂದು ತೆರೆದಿರುತ್ತವೆ. ಮಳೆ ನೀರು, ಅಲೆಯ ನೀರು ಕುಡಿದು ಕೂತರೆ ವಾರವಾದರೂ ಒಣಗುವುದಿಲ್ಲ, ಕೂತವರ ಬಟ್ಟೆ ಮಾತ್ರ ಒದ್ದೆ. ಬೆಂಚಿಗೆ ಬೇಕಾದದ್ದು ಮುಚ್ಚಿದ ಗುಳ್ಳೆಯ ಫೋಮ್. ಅದು ನೀರು ಕುಡಿಯುವುದಿಲ್ಲ, ತೇಲುತ್ತದೆ, ಸ್ವಲ್ಪ ಗಟ್ಟಿ. ಗುರುತು ಹಿಡಿಯುವುದು ಸುಲಭ: ತುಂಡನ್ನು ಬಾಯಿಗೆ ಒತ್ತಿ ಊದಿ. ಉಸಿರು ಆಚೆ ಹೋದರೆ ತೆರೆದ ಗುಳ್ಳೆ. ಮೂರನೆಯದೊಂದಿದೆ, ನೀರು ಸುರಿದ ಹಾಗೇ ಕೆಳಗಿಳಿದುಹೋಗುವ ಜಾಲರಿ ಫೋಮ್. ಮೆತ್ತಗಿರುತ್ತದೆ, ಬೇಗ ಒಣಗುತ್ತದೆ, ಆದರೆ ತೇಲುವುದಿಲ್ಲ, ಬೆಲೆ ಜಾಸ್ತಿ. ನಮ್ಮದು ಬೆಂಚಿಗೆ ಮುಚ್ಚಿದ ಗುಳ್ಳೆ, ದಿಂಬಿಗೆ ಜಾಲರಿ. ಕೂರುವಲ್ಲಿ ಗಟ್ಟಿ, ಒರಗುವಲ್ಲಿ ಮೆತ್ತಗೆ. ಬೆಂಚಿನ ಗಟ್ಟಿತನಕ್ಕೆ ಮೊದಲ ಒಂದೆರಡು ಸಲ ಇವರು ಮುಖ ಗಂಟು ಹಾಕಿದರು. ಡಿಸ್ಕಿನ ಡಾಕ್ಟರು ಹೇಳಿದ್ದೂ ಗಟ್ಟಿ ಜಾಗದಲ್ಲಿ ಕೂರಿ ಅಂತಲೇ ಎಂದು ನೆನಪಿಸಿದ ಮೇಲೆ ಸುಮ್ಮನಾದರು.

ಬಟ್ಟೆ ಸನ್‌ಬ್ರೆಲಾ. ನೂಲು ಎಳೆಯುವ ಮೊದಲೇ ಬಣ್ಣ ಸೇರಿಸುವ ಅಕ್ರಿಲಿಕ್, ಬಿಸಿಲಿಗೆ ಬಣ್ಣ ಹೋಗುವುದು ನಿಧಾನ. ಮಳೆ ಬಿದ್ದರೆ ಹನಿ ನಿಂತು ಉರುಳುತ್ತದೆ, ಆದರೆ ಇದು ಪೂರ್ತಿ ನೀರು ತಡೆಯುವ ಬಟ್ಟೆಯಲ್ಲ. ಕೂತು ಒತ್ತಿದರೆ ನೀರು ಇಳಿಯುತ್ತದೆ. ಅದಕ್ಕೇ ಕುಶನ್ನಿನ ತಳಕ್ಕೆ ಜಾಲರಿ ಬಟ್ಟೆ ಹಾಕಿಸಿದ್ದು, ಒಳಗೆ ಹೋದದ್ದು ಹೊರಗೆ ಬರಲಿ ಎಂದು. ವಿನೈಲ್ ಒರೆಸಲು ಸುಲಭ, ಅಗ್ಗ ಕೂಡ. ಆದರೆ ಬಿಸಿಲಿಗೆ ಕಾದ ವಿನೈಲ್ ಮೇಲೆ ಚಡ್ಡಿಯಲ್ಲಿ ಕೂತು ಎದ್ದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಬಣ್ಣ ನಾನು ಕಡು ನೀಲಿ ಕೇಳಿದ್ದೆ, ಆಕೆ ತಿಳಿ ಬೂದು ಹಿಡಿಸಿದರು. ನಡು ಮಧ್ಯಾಹ್ನ ಪಕ್ಕದ ದೋಣಿಯ ಕಡು ನೀಲಿ ಮುಟ್ಟಿ ನೋಡಿದೆ, ಆಕೆಯ ಮಾತು ಸರಿ.

ಬಟ್ಟೆಗಿಂತ ಮೊದಲು ಸಾಯುವುದು ದಾರ. ಪಾಲಿಯೆಸ್ಟರ್ ದಾರ ಕೆಲವು ವರ್ಷದ ಬಿಸಿಲಿಗೆ ಪುಡಿಯಾಗುತ್ತದೆ, ಬಟ್ಟೆ ಗಟ್ಟಿಯಾಗಿರುವಾಗಲೇ ಹೊಲಿಗೆ ಬಿಡುತ್ತದೆ. ಟೆನಾರಾ ಎನ್ನುವ ದಾರಕ್ಕೆ ಬಿಸಿಲು ಏನೂ ಮಾಡುವುದಿಲ್ಲ, ಆದರೆ ಬೆಲೆ ಹಲವು ಪಟ್ಟು. ಒಟ್ಟು ಬಿಲ್ಲಿನಲ್ಲಿ ದಾರದ ಪಾಲು ಸಣ್ಣದು, ಅದರಲ್ಲಿ ಕಂಜೂಸಿ ಮಾಡಬೇಡಿ. ಜಿಪ್ಪು ಪ್ಲಾಸ್ಟಿಕ್ ಹಲ್ಲಿನದ್ದೇ ಇರಲಿ.

ಅರ್ಧ ಅಂಕ ಕಳೆದದ್ದು ಯಾಕೆಂದರೆ, ಬೆಂಚಿನ ಕುಶನ್ ಒಂದೇ ಉದ್ದದ ತುಂಡಾಗಿ ಬಂತು. ಸಣ್ಣ ದೋಣಿಯಲ್ಲಿ ಬೆಂಚೇ ಪೆಟ್ಟಿಗೆಯ ಮುಚ್ಚಳ. ಕೆಳಗೆ ಲೈಫ್ ಜಾಕೆಟ್, ಹಗ್ಗ, ಪಂಪು. ಏನಾದರೂ ಬೇಕೆಂದರೆ ಕೂತವರನ್ನೆಲ್ಲ ಎಬ್ಬಿಸಿ ಇಡೀ ಕುಶನ್ ಎತ್ತಬೇಕು. ಮುಚ್ಚಳದ ಅಂಚಿಗೆ ಸರಿಯಾಗಿ ಕತ್ತರಿಸಿ, ನಡುವೆ ಬಟ್ಟೆಯ ಹಿಂಜು ಕೊಟ್ಟು ಹೊಲಿಸಿದರೆ ಅರ್ಧ ಮಡಿಚಿ ಮುಚ್ಚಳ ತೆಗೆಯಬಹುದು. ಮರಳಿ ಕೊಟ್ಟಾಗ ಆಕೆ ಮಾತಿಲ್ಲದೆ ಹಾಗೆ ಮಾಡಿಕೊಟ್ಟರು, ಕೂಲಿ ತೆಗೆದುಕೊಳ್ಳಲಿಲ್ಲ. ಆದರೂ ಹದಿನೈದು ದಿನದ ಬೇಸಿಗೆ ಹೋಯಿತಲ್ಲ. ಇಲ್ಲಿ ಬೇಸಿಗೆಯ ಹದಿನೈದು ದಿನ ಅಂದರೆ ಚಿಲ್ಲರೆ ಅಲ್ಲ.

ಬೇರೆ ಕೆಲವನ್ನು ಬೇಗ ಮುಗಿಸುತ್ತೇನೆ. ಬೀನ್ ಬ್ಯಾಗ್: ಮುಂದಿನ ಡೆಕ್ಕಿನಲ್ಲಿ ಚೆಂದ, 22 ಅಡಿಯಲ್ಲಿ ಅದನ್ನು ಇಡಲು ಜಾಗವೆಲ್ಲಿ? ಚೌಕಾಕಾರದ ತೇಲುವ ಕುಶನ್: 16 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಯಲ್ಲಿ ನೀರಿಗೆ ಬಿದ್ದವರತ್ತ ಎಸೆಯಲು ತೇಲುವ ಸಾಧನ ಒಂದಾದರೂ ಇರಬೇಕೆಂದು ಅಮೆರಿಕದ ಕಾನೂನು, ಹಾಗಾಗಿ ಅದು ಹೇಗೂ ದೋಣಿಯಲ್ಲಿರುತ್ತದೆ. ಆದರೆ ಅದರ ಪಟ್ಟಿಗಳಿಗೆ ತೋಳು ತೂರಿಸಿ ಬೆನ್ನಿಗೆ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಹಾಗೆ ನೀರಿಗೆ ಬಿದ್ದರೆ ಮುಖ ಕೆಳಗಾಗುತ್ತದೆ. ಎದೆಗೆ ಅವಚಿಕೊಳ್ಳಬೇಕು.

ಹೆಚ್ಚು ಖರ್ಚಿಲ್ಲದ ಉಪಾಯ ಬೇಕಿದ್ದರೆ: ತಗ್ಗಿನ ನೆಲದ ನಡುವೆ, ಉದ್ದಕ್ಕೆ, ಒಂದೂವರೆ ಇಂಚು ಎತ್ತರದ ಮರದ ಪಟ್ಟಿ ಕೂರಿಸಿ. ಕಾಲು ಎದುರು ಬೆಂಚಿಗೆ ಸಿಗದವರು ಹಿಮ್ಮಡಿಯನ್ನು ಅದಕ್ಕೆ ಊರಬಹುದು. ನೀರು ಹರಿದುಹೋಗಲು ಸಂದಿ ಬಿಡಿ, ಸ್ಕ್ರೂ ತೂತಿಗೆ ಸೀಲೆಂಟ್ ತುಂಬಿ. ರಾತ್ರಿ ಬರಿಗಾಲಲ್ಲಿ ಎಡವುತ್ತೀರಿ, ಅದು ಖಂಡಿತ.

ಕ್ಯಾಬಿನ್ ಒಳಗಿನ ಕುಶನ್ ಇನ್ನೂ ಹಳೆಯದೇ ಇದೆ, ಬದಲಿಸುವ ಮನಸ್ಸೂ ಇಲ್ಲ. ಅಲ್ಲಿ ಬೆಂಚಿನಿಂದ ಛಾವಣಿಗೆ ಇವರು ನೆಟ್ಟಗೆ ಕೂರುವಷ್ಟೇ ಎತ್ತರ, ಒಂದು ಇಂಚು ದಪ್ಪ ಏರಿಸಿದರೂ ತಲೆ ತಾಗುತ್ತದೆ.

ಎಲ್ಲ ಸೇರಿ ಹೊಲಿಸಿದ್ದಕ್ಕೆ 1,300 ಡಾಲರ್ ಚಿಲ್ಲರೆ ಆಯಿತು. ಸೋಫಾ ಕುಶನ್ನಿನವರು ಹೇಳಿದ್ದಕ್ಕಿಂತ ಇನ್ನೂರು ಹೆಚ್ಚು. ಎರಡರಲ್ಲಿ ಒಂದನ್ನೇ ಕೊಳ್ಳುವ ಹಾಗಿದ್ದರೆ, ಲಂಗರಿನಲ್ಲೇ ಹೆಚ್ಚು ಹೊತ್ತು ಕಳೆಯುವವರು ಕುರ್ಚಿ ತೆಗೆದುಕೊಳ್ಳಿ. ಹಾಯಿ ಹಾಕಿ ದೂರ ಹೋಗುವವರು, ಅದರಲ್ಲೂ ಮನೆಯಲ್ಲಿ ಗಿಡ್ಡದವರಿದ್ದರೆ, ಬರೀ ಒರಗುದಿಂಬನ್ನಾದರೂ ಹೊಲಿಸಿ. ಕೇಳುವುದಿದ್ದರೆ ಜನವರಿಯಲ್ಲೇ ಕೇಳಿ. ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವ ಹೊತ್ತಿಗೆ ಅನಾಪೊಲಿಸ್‌ನ ದೋಣಿ ಜನ ಚಳಿಗಾಲ ಮುಗಿಯಿತೆಂದು ಸೇರಿ ಸಾಕ್ಸ್ ಸುಡುತ್ತಾರೆ. ಅದಾದ ಮೇಲೆ ಕ್ಯಾನ್ವಾಸ್ ಹೊಲಿಯುವವರು ಯಾರೂ ಜೂನ್ ತನಕ ಫೋನ್ ಎತ್ತುವುದಿಲ್ಲ.